ಕೊಳ್ಳಬೇಡಿ, ಸಾಣೆ ಹಿಡಿಯಿರಿ: ನಗರಗೆರೆ ಹೋಬಳಿಯ ವಿಜ್ಞಾನ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ



ಶಾಲೆಗೊಂದು ದೂರದರ್ಶಕ ಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗಿದೆ. ದಾನಿಗಳನ್ನು ಹುಡುಕಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಒಂದನ್ನು ಕೊಂಡು ತರೋಣ ಎಂಬ ಮಾತೂ ನಡೆದಿದೆ. ದಯವಿಟ್ಟು ಕೊಳ್ಳಬೇಡಿ. ಹೋಬಳಿಯ ಮಕ್ಕಳೇ ಒಂದು ಗಾಜಿನ ಬಿಲ್ಲೆಗೆ ಸಾಣೆ ಹಿಡಿದು, ಕನ್ನಡಿ ಮಾಡಿ, ನ್ಯೂಟನ್ ಮಾದರಿಯ ದೂರದರ್ಶಕವನ್ನು ತಾವೇ ಕಟ್ಟಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ದುಡ್ಡು ಉಳಿಯುತ್ತದೆ ಎಂಬ ಕಾರಣಕ್ಕೆ ಹೇಳುತ್ತಿಲ್ಲ, ಉಳಿಯದೆಯೂ ಇರಬಹುದು. ಕನ್ನಡಿಯನ್ನು ತಾನೇ ಮಾಡಿದವನಿಗೆ ಅದರ ತೊಂದರೆ ಏನು, ಅದನ್ನು ಸರಿಪಡಿಸುವುದು ಹೇಗೆ ಎಂಬುದು ಗೊತ್ತಿರುತ್ತದೆ. ಕೊಂಡವನಿಗೆ ಗೊತ್ತಿರುವುದಿಲ್ಲ. ನನ್ನ ವಾದವೆಲ್ಲ ಇಷ್ಟೇ.

ಕೊಂಡು ತಂದ ದೂರದರ್ಶಕಗಳ ಗತಿಯನ್ನು ಬೇರೆ ಬೇರೆ ಊರುಗಳ ಶಾಲೆಗಳಲ್ಲಿ ನೋಡಿದ್ದೇನೆ. ಮೊದಲ ರಾತ್ರಿ ಊರೆಲ್ಲ ಬಂದು ಚಂದ್ರನನ್ನು ನೋಡುತ್ತದೆ. ಆಮೇಲೆ ಅದನ್ನು ಆಟೋದಲ್ಲೋ ಬಸ್ಸಿನಲ್ಲೋ ಒಂದೆರಡು ಕಡೆ ಸಾಗಿಸುತ್ತಾರೆ. ಮುಂದಿನ ವರ್ಷ ಗುರುಗ್ರಹ ಹರಡಿದ ಹಿಟ್ಟಿನಂತೆ ಕಾಣಿಸಿ, 'ಕೆಟ್ಟುಹೋಗಿದೆ' ಎಂಬ ತೀರ್ಮಾನವಾಗಿ, ಅದು ಪ್ರಯೋಗಾಲಯದ ಬೀರು ಸೇರುತ್ತದೆ. ನಿಜವಾಗಿ ಕೆಟ್ಟಿರುವುದು ಏನೂ ಇಲ್ಲ. ಕುಲುಕಾಟಕ್ಕೆ ಎರಡು ಕನ್ನಡಿಗಳ ಓರೆ ಒಂದಿಷ್ಟು ಬದಲಾಗಿದೆ, ಅಷ್ಟೆ. ಹಿಂಬದಿಯ ಮೂರು ತಿರುಪುಗಳನ್ನು ಹತ್ತು ನಿಮಿಷ ತಿರುಗಿಸಿದರೆ ಶನಿಯ ಬಳೆ ಮತ್ತೆ ಕಾಣುತ್ತದೆ. ಆ ತಿರುಪುಗಳು ಏಕಿವೆ ಎಂಬುದೇ ಶಾಲೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ನಮ್ಮ ತಾಲ್ಲೂಕಿಗೆ ಆಕಾಶ ಹೊಸದಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೊ ವೀಕ್ಷಣಾಲಯ 1976ರಿಂದ ಇದೆ. ಟಿ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳು, ಪೂರ್ವ-ಪಶ್ಚಿಮ ತೋಳಿನ ಉದ್ದವೇ 1.4 ಕಿ.ಮೀ. ಇಲ್ಲಿಂದ ಕಾಣುವ ಆಕಾಶದ ಬಹುಭಾಗದ ರೇಡಿಯೊ ನಕ್ಷೆಯನ್ನು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಅವರು ಹಿಡಿದದ್ದು 34.5 ಮೆಗಾಹರ್ಟ್ಸ್‌ನ ಅಲೆ, ಅಂದರೆ ಉದ್ದ ಸುಮಾರು 8.7 ಮೀಟರ್. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಈ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ. ಪ್ರತಿಫಲಿಸುವ ಮೈಯ ಏರುಪೇರು ಅಲೆಯ ಉದ್ದದ ಎಂಟನೇ ಒಂದು ಭಾಗ ದಾಟಬಾರದು ಎಂಬುದು ಎಲ್ಲ ದೂರದರ್ಶಕಗಳಿಗೂ ಸಲ್ಲುವ ಸ್ಥೂಲ ನಿಯಮ. 8.7 ಮೀಟರಿನ ಅಲೆಗಾದರೆ ಒಂದು ಮೀಟರಿನ ತಗ್ಗುದಿಣ್ಣೆ ಇದ್ದರೂ ನಡೆದೀತು. ಕಣ್ಣಿಗೆ ಕಾಣುವ ಹಸಿರು ಬೆಳಕಿನ ಅಲೆ 0.55 ಮೈಕ್ರಾನ್. ಅದಕ್ಕೆ ಕನ್ನಡಿಯ ಮೈ 0.07 ಮೈಕ್ರಾನಿನೊಳಗೆ ಸರಿಯಿರಬೇಕು. ಮಿಲಿಮೀಟರಿನ ಹದಿನಾಲ್ಕು ಸಾವಿರದ ಒಂದು ಪಾಲು! ಇದನ್ನು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬರಿಗೈಯಲ್ಲಿ ಸಾಧಿಸಬಲ್ಲಳು ಎಂಬುದು ಈ ಕೆಲಸದ ಸೋಜಿಗ. ಅದು ಹೇಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಒಂದೇ ಅಳತೆಯ ಎರಡು ಬಿಲ್ಲೆಗಳನ್ನು ತೆಗೆದುಕೊಳ್ಳಿ. ಒಂದು ಕನ್ನಡಿಯಾಗುವ ಗಾಜು, ಇನ್ನೊಂದು ಅದನ್ನು ಅರೆಯುವ ತಳ. ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು. ಗಾಜನ್ನು ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಆಗಾಗ ಗಾಜನ್ನು ಕೈಯಲ್ಲೇ ತುಸು ತಿರುಗಿಸುತ್ತ, ತಾನೂ ಮೇಜಿನ ಸುತ್ತ ಒಂದೊಂದು ಹೆಜ್ಜೆ ಸರಿಯುತ್ತ ಹೋಗಬೇಕು. ಮುಂದೆ ಚಾಚಿದಾಗ ಮೇಲಿನ ಬಿಲ್ಲೆಯ ಭಾರವೆಲ್ಲ ಅದರ ನಡುಭಾಗದ ಮೂಲಕ ತಳದ ಅಂಚಿನ ಮೇಲೆ ಬೀಳುವುದರಿಂದ ಮೇಲಿನದರ ನಡು ಸವೆಯುತ್ತದೆ, ಕೆಳಗಿನದರ ಅಂಚು ಸವೆಯುತ್ತದೆ. ಹೀಗೆ ಮೇಲಿನದು ತಗ್ಗಾಗುತ್ತ, ಕೆಳಗಿನದು ಉಬ್ಬುತ್ತ ಹೋಗುತ್ತವೆ. ಎಲ್ಲ ದಿಕ್ಕಿನಲ್ಲಿ ಜಾರಿಸಿದರೂ, ಹೇಗೆ ತಿರುಗಿಸಿದರೂ ಒಂದನ್ನೊಂದು ಪೂರ್ತಿ ಮುಟ್ಟಿಕೊಂಡೇ ಇರಬಲ್ಲ ಮೈಗಳು ಎರಡೇ ಬಗೆ: ಸಮತಟ್ಟು, ಇಲ್ಲವೇ ಗೋಳದ ತುಣುಕು. ಬೇರೆ ಆಕಾರವಿದ್ದರೆ ಎಲ್ಲೋ ಒಂದು ಉಬ್ಬು ತಗುಲುತ್ತದೆ, ತಗುಲಿದ ಉಬ್ಬು ಸವೆಯುತ್ತದೆ. ಕೈ ಎಷ್ಟೇ ಒರಟಾಗಿದ್ದರೂ ಗೋಳ ತಾನಾಗಿ ಮೂಡುವುದು ಈ ಕಾರಣಕ್ಕೆ. ರೇಖಾಗಣಿತದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಾಧನವನ್ನು ನಾನು ಕಂಡಿಲ್ಲ.

ಅಳತೆಯ ವಿಷಯದಲ್ಲಿ ನನ್ನ ಸಲಹೆ ಖಚಿತ. ವ್ಯಾಸ 150 ಮಿ.ಮೀ., ದಪ್ಪ 25 ಮಿ.ಮೀ., ಸಂಗಮದೂರ 1200 ಮಿ.ಮೀ. ಎಂಟು ಇಂಚು, ಹತ್ತು ಇಂಚಿನ ಆಸೆ ಬೇಡ. ಕುಳ್ಳಗಿದ್ದರೆ ಹಗುರ ಎಂದು 750 ಮಿ.ಮೀ. ಸಂಗಮದೂರಕ್ಕೂ ಹೋಗಬೇಡಿ. ದೂರದ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರಲು ಬೇಕಾದದ್ದು ಗೋಳವಲ್ಲ, ಪ್ಯಾರಾಬೊಲ ಆಕಾರದ ತಗ್ಗು. ಆದರೆ 150 ಮಿ.ಮೀ. ಕನ್ನಡಿಗೆ 1200 ಮಿ.ಮೀ. ಸಂಗಮದೂರ ಇಟ್ಟುಕೊಂಡರೆ ಈ ಎರಡು ಆಕಾರಗಳ ನಡುವಿನ ವ್ಯತ್ಯಾಸ ಮೇಲೆ ಹೇಳಿದ 0.07 ಮೈಕ್ರಾನಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮಕ್ಕಳು ಶುದ್ಧವಾದ ಗೋಳವನ್ನು ಮಾಡಿ ಅಲ್ಲಿಗೇ ನಿಲ್ಲಿಸಿದರೂ ಒಳ್ಳೆಯ ಕನ್ನಡಿಯೇ ಆಗುತ್ತದೆ. ಸಂಗಮದೂರ ಗಿಡ್ಡವಾದಷ್ಟೂ ಆ ವ್ಯತ್ಯಾಸ ಘನದ ಲೆಕ್ಕದಲ್ಲಿ ಏರುತ್ತದೆ, ಕನ್ನಡಿಗಳನ್ನು ಹೊಂದಿಸುವ ಕೆಲಸವೂ ಅಷ್ಟೇ ನಾಜೂಕಾಗುತ್ತದೆ.

ಈ ಅಳತೆಗೆ ಕನ್ನಡಿಯ ನಡುಭಾಗ ತಗ್ಗಬೇಕಾದ್ದು ಬರೀ 1.17 ಮಿ.ಮೀ. ಅಂಚಿನಿಂದ ಅಂಚಿಗೆ ನೇರ ಪಟ್ಟಿಯಿಟ್ಟು, ಬೈಕ್ ಮೆಕ್ಯಾನಿಕ್ ಬಳಿ ಇರುವ ಫೀಲರ್ ಗೇಜನ್ನು ನಡುವೆ ತೂರಿಸಿ ನೋಡಿದರೆ ತಿಳಿಯುತ್ತದೆ. ಇನ್ನೊಂದು ಉಪಾಯ: ಗಾಜನ್ನು ಒದ್ದೆ ಮಾಡಿ ಬಿಸಿಲನ್ನು ನೆರಳಿನಲ್ಲಿರುವ ಗೋಡೆಗೆ ಹಾಯಿಸಿ, ಬೆಳಕಿನ ಚುಕ್ಕೆ ಎಷ್ಟು ದೂರದಲ್ಲಿ ಅತಿ ಚಿಕ್ಕದಾಗುತ್ತದೆ ಎಂದು ಅಳೆಯುವುದು. ಅರೆಯುವ ತಳಕ್ಕೆ ಇನ್ನೊಂದು ಗಾಜೇ ಆಗಬೇಕಿಲ್ಲ. ಸಿಮೆಂಟಿನ ಬಿಲ್ಲೆ ಎರಕ ಹೊಯ್ದು ಮೇಲೆ ಟೈಲ್ಸ್ ಚೂರುಗಳನ್ನು ಅಂಟಿಸಿದರೆ ಸಾಕು. ಮೇಜಿನ ಬದಲು ನೀರು ತುಂಬಿದ ಡೀಸೆಲ್ ಡ್ರಮ್ಮು ಅಲುಗಾಡದೆ ನಿಲ್ಲುತ್ತದೆ, ಸುತ್ತ ನಡೆಯಲೂ ಅನುಕೂಲ. ಶುರು ಮಾಡುವ ಮುಂಚೆ ಗಾಜಿನ ಅಂಚನ್ನು ಸಾಣೆಕಲ್ಲಿನಿಂದ ಓರೆಯಾಗಿ ಉಜ್ಜಿ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ.

ಪುಡಿ 80ರಿಂದ ಆರಂಭ. ತಗ್ಗು ಬಂದ ಮೇಲೆ 120, 220, 400, 600 ಎಂದು ನುಣುಪಿನ ಕಡೆಗೆ ಸಾಗಬೇಕು. ಹಿಂದಿನ ಪುಡಿ ಮಾಡಿದ ಗುಳಿಗಳನ್ನು ಮುಂದಿನದು ಅಳಿಸಬೇಕು, ಭೂತಗನ್ನಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಪುಡಿ ಬದಲಾಯಿಸುವಾಗ ಬಕೆಟ್ಟು, ಬಟ್ಟೆ, ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು. 80ರ ಒಂದೇ ಒಂದು ಕಣ 600ರ ಹಂತದಲ್ಲಿ ಸೇರಿಕೊಂಡರೆ ಗೀರು ಬಿದ್ದು ಎರಡು ಹಂತ ಹಿಂದಕ್ಕೆ ಹೋಗಬೇಕಾಗುತ್ತದೆ. ಪುಡಿಯನ್ನು ಒಣಗಲು ಬಿಡಬೇಡಿ. ಗಾಜಿನ ದೂಳು ಮಕ್ಕಳ ಶ್ವಾಸಕ್ಕೆ ಹೋಗಬಾರದು. ಮುಗಿದ ಮೇಲೆ ಆ ಕೆಸರನ್ನು ಚರಂಡಿಗೆ ಹೊಯ್ಯದೆ ಹಳೆ ಡಬ್ಬಿಗೆ ತುಂಬಿಡಿ.

ಪಾಲಿಶ್ ಮಾಡುವಾಗ ಟೈಲ್ಸ್ ಮೇಲೆ ಕರಗಿಸಿದ ಪಿಚ್ (ರಾಳದಂಥ ಅಂಟು) ಹೊಯ್ದು, ಬೆಚ್ಚಗಿರುವಾಗಲೇ ಕನ್ನಡಿಯನ್ನು ಒತ್ತಿ ಅದರ ಅಚ್ಚು ಪಡೆದು, ಮೇಲೆ ಚೌಕಚೌಕವಾಗಿ ತೋಡುಗಳನ್ನು ತೆಗೆಯಬೇಕು. ಪುಡಿಯ ಜಾಗದಲ್ಲಿ ಈಗ ನೀರಿನಲ್ಲಿ ಕಲಸಿದ ಸೀರಿಯಂ ಆಕ್ಸೈಡ್. ಪಿಚ್ ಹದ ನಮ್ಮ ಸೀಮೆಯ ಹವೆಗೆ ತಕ್ಕಂತೆ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಅದು ಹರಿದು ತೋಡುಗಳೆಲ್ಲ ಮುಚ್ಚಿಹೋಗುತ್ತವೆ. ಆಗ ಒಂದಿಷ್ಟು ರಾಳ ಸೇರಿಸಿ ಗಟ್ಟಿ ಮಾಡಬೇಕು. ಚಳಿಗಾಲಕ್ಕೆ ಕೆಲವು ತೊಟ್ಟು ಟರ್ಪೆಂಟೈನ್. ಉಗುರಿನಿಂದ ಒತ್ತಿದರೆ ನಿಧಾನವಾಗಿ ಗುರುತು ಬೀಳಬೇಕು, ಸಿಡಿಯಬಾರದು. ಈ ಹದವನ್ನು ಯಾವ ಪುಸ್ತಕವೂ ಪೂರ್ತಿ ಹೇಳಿಕೊಡಲಾರದು, ನಾಲ್ಕು ದಿನದಲ್ಲಿ ಬೆರಳು ಕಲಿಯುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷು ಎಂದು ಒದ್ದಾಡುವ ನಮ್ಮ ಗಡಿಯ ಮಕ್ಕಳಲ್ಲಿ ಕೆಲವರು ಇಂಥ ಕೆಲಸದಲ್ಲಿ ತಟ್ಟನೆ ಮುಂದೆ ಬರುತ್ತಾರೆ. ಅವರು ಯಾರೆಂಬುದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ.

ಇನ್ನು ಪರೀಕ್ಷೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಲಿಯೋನ್ ಫೂಕೋ ಎಂಬ ಫ್ರೆಂಚ್ ವಿಜ್ಞಾನಿ 1850ರ ದಶಕದ ಕೊನೆಯಲ್ಲಿ ಕಂಡುಹಿಡಿದ ಉಪಾಯ. ಭೂಮಿ ತಿರುಗುವುದನ್ನು ಲೋಲಕದಿಂದ ತೋರಿಸಿದವನೂ ಅವನೇ. ಬೇಕಾದ್ದು ಒಂದು ಕತ್ತಲೆ ಕೋಣೆ, ಸೂಜಿರಂಧ್ರದ ಹಿಂದೆ ಒಂದು ಎಲ್‌ಇಡಿ ದೀಪ, ಒಂದು ಕ್ಷೌರದ ಬ್ಲೇಡು. ಕನ್ನಡಿಯನ್ನು ನಿಲ್ಲಿಸಿ, 2400 ಮಿ.ಮೀ. ದೂರದಲ್ಲಿ, ಅಂದರೆ ಗೋಳದ ಕೇಂದ್ರದಲ್ಲಿ, ದೀಪವನ್ನೂ ಬ್ಲೇಡನ್ನೂ ಪಕ್ಕಪಕ್ಕ ಇಡಬೇಕು. ಕನ್ನಡಿಯಿಂದ ಮರಳುವ ಬೆಳಕು ಕಣ್ಣಿಗೆ ಬೀಳುವಂತೆ ಕೂತು, ಬ್ಲೇಡಿನ ಅಂಚನ್ನು ಮೆಲ್ಲಗೆ ಬೆಳಕಿಗೆ ಅಡ್ಡ ತರಬೇಕು. ಮೈ ನಿಜವಾದ ಗೋಳವಾಗಿದ್ದರೆ ಇಡೀ ಕನ್ನಡಿ ಒಂದೇ ಸಲಕ್ಕೆ, ಒಂದೇ ಸಮನಾಗಿ ಮಂಕಾಗುತ್ತದೆ. ಎಲ್ಲಾದರೂ ದಿಣ್ಣೆ ಇದ್ದರೆ, ತಗ್ಗಿದ್ದರೆ, ಅಂಚು ಜಾರಿದ್ದರೆ, ಸಂಜೆಯ ಓರೆಬಿಸಿಲಿನಲ್ಲಿ ಹೊಲದ ಏರುತಗ್ಗು ಕಾಣುವ ಹಾಗೆ ಒಂದು ಬದಿ ಬೆಳಗಿ ಇನ್ನೊಂದು ಬದಿ ನೆರಳಾಗಿ ಎಲ್ಲವೂ ಎದ್ದು ನಿಲ್ಲುತ್ತವೆ. ಪ್ಯಾರಾಬೊಲ ಬಯಸಿದರೆ ಬ್ಲೇಡನ್ನು ಹಿಂದೆ ಮುಂದೆ ಸರಿಸಿ, ನಡುಭಾಗಕ್ಕೂ ಅಂಚಿಗೂ ಮಂಕಾಗುವ ಜಾಗದಲ್ಲಿ ಎಷ್ಟು ಅಂತರವಿದೆ ಎಂದು ಅಳೆಯಬೇಕು. ದೀಪವೂ ಬ್ಲೇಡಿನ ಜೊತೆಗೇ ಸರಿಯುವಂತಿದ್ದರೆ ಆ ಅಂತರ 1.17 ಮಿ.ಮೀ. ಬರಬೇಕು. ಮಿಲಿಮೀಟರ್ ಸ್ಕೇಲಿನಲ್ಲಿ ಅಳೆದದ್ದು ಮೈಕ್ರಾನಿನ ನೂರನೇ ಪಾಲಿನ ಲೆಕ್ಕವನ್ನು ಹೇಳುತ್ತದೆ.

ಮಕ್ಕಳಿಗೆ ಒಂದು ಪ್ರಯೋಗವನ್ನು ತಪ್ಪದೆ ತೋರಿಸಿ. ಕನ್ನಡಿಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆದು, ಮತ್ತೆ ಬ್ಲೇಡಿನ ಹಿಂದಿನಿಂದ ನೋಡಲಿ. ಬೆರಳ ಬಿಸಿಗೆ ಗಾಜು ಹಿಗ್ಗಿ ಅಲ್ಲೊಂದು ಗುಡ್ಡ ಎದ್ದಿರುತ್ತದೆ, ನೋಡುತ್ತಿದ್ದಂತೆ ಕರಗುತ್ತದೆ. ಘನವಸ್ತು ಬಿಸಿಗೆ ಹಿಗ್ಗುತ್ತದೆ ಎಂದು ವರ್ಷವರ್ಷವೂ ಬರೆಸುತ್ತೇವಲ್ಲ, ಅದನ್ನು ಕಣ್ಣಾರೆ ಕಾಣುವುದು ಇಲ್ಲಿ. ಪಾಲಿಶ್ ಮಾಡಿದ ಕೂಡಲೇ ಪರೀಕ್ಷೆ ಮಾಡಬಾರದು, ಗಾಜು ತಣಿಯಲು ಬಿಡಬೇಕು ಎಂಬುದಕ್ಕೂ ಕಾರಣ ಆಗ ತಾನಾಗಿ ತಿಳಿಯುತ್ತದೆ.

ಆರಿಂಚಿನ ಕನ್ನಡಿಯಿಂದ ಏನಾದೀತು ಎಂದು ಯಾರಾದರೂ ಕೇಳಿದರೆ ವಿಲಿಯಂ ಹರ್ಷೆಲನ ಕಥೆ ಹೇಳಿ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತ ಕಲಿಸಿ ಬದುಕುತ್ತಿದ್ದವನು. ಲೋಹದ ಕನ್ನಡಿಗಳನ್ನು ಮನೆಯಲ್ಲೇ ಎರಕ ಹೊಯ್ದು ಉಜ್ಜುತ್ತಿದ್ದ. ಪಾಲಿಶ್ ನಡುವೆ ಕೈ ತೆಗೆಯುವಂತಿಲ್ಲವಾದ್ದರಿಂದ ತಂಗಿ ಕ್ಯಾರೊಲೈನ್ ಅವನಿಗೆ ತುತ್ತು ತಿನ್ನಿಸುತ್ತಿದ್ದಳು. 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಅವನು ಕಂಡದ್ದು ತಾನೇ ಮಾಡಿದ 6.2 ಇಂಚಿನ ಕನ್ನಡಿಯಲ್ಲಿ. ಅದೇ ಯುರೇನಸ್ಸಿಗೆ ಬಳೆಗಳಿವೆ ಎಂದು 1977ರ ಮಾರ್ಚ್ 10ರಂದು ಪತ್ತೆಯಾದಾಗ, ಆ ರಾತ್ರಿ ನೋಡಿದವರಲ್ಲಿ ತಮಿಳುನಾಡಿನ ಜಾವಡಿ ಬೆಟ್ಟದ ಕಾವಲೂರು ವೀಕ್ಷಣಾಲಯದವರೂ ಇದ್ದರು. ಕಾವಲೂರು ಶುರುವಾದದ್ದೇ 1968ರಲ್ಲಿ, ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ತಾವೇ ಮಾಡಿಕೊಂಡ 38 ಸೆಂ.ಮೀ. ದೂರದರ್ಶಕದಿಂದ. 1986ರ ಜನವರಿಯಲ್ಲಿ ಲೋಕಾರ್ಪಣೆಯಾದ ಅಲ್ಲಿನ 2.34 ಮೀಟರಿನ ವೇಣು ಬಾಪು ದೂರದರ್ಶಕದ ಕನ್ನಡಿಗೆ ಸಾಣೆ ಹಿಡಿದದ್ದು ಬೆಂಗಳೂರಿನ ಕೋರಮಂಗಲದಲ್ಲಿ, ಎ.ಪಿ. ಜಯರಾಜನ್ ಮತ್ತು ಅವರ ಸಂಗಡಿಗರು. ಅದನ್ನು ಯೋಜಿಸಿದ ಖಗೋಳವಿಜ್ಞಾನಿ ಬಾಪು ಅವರಿಗೆ ಹೊರದೇಶದಿಂದ ಸಿದ್ಧ ಕನ್ನಡಿ ತರಿಸಲು ಬರುತ್ತಿರಲಿಲ್ಲವೆಂದಲ್ಲ. ಕಾವಲೂರಿನ ಒಂದು ಮೀಟರ್ ದೂರದರ್ಶಕ ಜರ್ಮನಿಯ ಝೈಸ್ ಕಂಪನಿಯದೇ. ಆದರೂ ದೊಡ್ಡದನ್ನು ಇಲ್ಲೇ ಮಾಡಿಸಿದರು. ನಾನು ಒಂದು ಹೋಬಳಿಯ ಮಟ್ಟದಲ್ಲಿ ಕೇಳುತ್ತಿರುವುದೂ ಅದನ್ನೇ.

ಪಾಲಿಶ್ ಆದ ಗಾಜಿಗೆ ಅಲ್ಯೂಮಿನಿಯಂ ಲೇಪ ನಿರ್ವಾತದಲ್ಲೇ ಆಗಬೇಕು. ಇದೊಂದನ್ನು ಹೊರಗೆ ಕೊಟ್ಟು ಮಾಡಿಸೋಣ. ಸಿಲ್ವರ್ ನೈಟ್ರೇಟಿನಿಂದ ಬೆಳ್ಳಿ ಲೇಪಿಸುವ ಹಳೆಯ ವಿಧಾನ ಪಿಯುಸಿ ಪ್ರಯೋಗಾಲಯದಲ್ಲಿ ಸಾಧ್ಯ, ಆದರೆ ಉಳಿದ ದ್ರಾವಣವನ್ನು ಇಟ್ಟರೆ ಸ್ಫೋಟಿಸುವ ವಸ್ತು ಹುಟ್ಟುತ್ತದೆ. ಹೈಸ್ಕೂಲಿಗೆ ಅದು ಬೇಡ.

ಕೊಳವೆಗೆ ದೂರ ಹೋಗಬೇಕಿಲ್ಲ. ಸಾವಿರ ಅಡಿಗೂ ಬೋರ್ ಕೊರೆಸುವ ಸೀಮೆ ನಮ್ಮದು, ಎಂಟಿಂಚಿನ ಪಿವಿಸಿ ಕೇಸಿಂಗ್ ಪೈಪಿನ ತುಂಡು ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಒಳಗೆ ಮಂಕು ಕಪ್ಪು ಬಣ್ಣ ಬಳಿಯಿರಿ. ಪೀಠಕ್ಕೆ ಜಾನ್ ಡಾಬ್ಸನ್ನನ ಮಾದರಿಯೇ ಸರಿ. ಸ್ಯಾನ್‌ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯಲ್ಲಿ ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದ ಆತ ಬಿಸಾಡಿದ ಹಡಗಿನ ಗಾಜು ಉಜ್ಜಿ ಕನ್ನಡಿ ಮಾಡಿದವನು. ಅದೇ ಗೀಳಿಗಾಗಿ 1967ರಲ್ಲಿ ಆಶ್ರಮ ಬಿಡಬೇಕಾಗಿ ಬಂದ ಮೇಲೆ ದೂರದರ್ಶಕವನ್ನು ಬೀದಿಯಲ್ಲಿ ನಿಲ್ಲಿಸಿ ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸಿದ. ಅವನ ಪೀಠವೆಂದರೆ ಪ್ಲೈವುಡ್ಡಿನ ಪೆಟ್ಟಿಗೆ, ಸನ್‌ಮೈಕಾ, ಕೆಲವು ಟೆಫ್ಲಾನ್ ತುಂಡುಗಳು. ಊರಿನ ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾರೆ.

ಕೊನೆಗೆ ಹೊಂದಿಸುವ ಕೆಲಸ. ಬೀರು ಸೇರಿದ ದೂರದರ್ಶಕಗಳಿಗೆ ಬೇಕಾಗಿದ್ದದ್ದು ಇದೇ. ದೊಡ್ಡ ಕನ್ನಡಿಯ ನಟ್ಟನಡುವೆ ಒಂದು ಚಿಕ್ಕ ಕಾಗದದ ಉಂಗುರ ಅಂಟಿಸಿ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿಯ ನೆರಳು ಹೇಗೂ ಅಲ್ಲಿ ಬೀಳುವುದರಿಂದ ನಷ್ಟವಿಲ್ಲ. ನೇತ್ರಮಸೂರದ ಜಾಗಕ್ಕೆ ನಡುವೆ ಸಣ್ಣ ತೂತಿರುವ ಮುಚ್ಚಳ ಹಾಕಿ ಒಳಗೆ ನೋಡಿ. ಮೊದಲು 45 ಡಿಗ್ರಿ ಓರೆಯ ಚಿಕ್ಕ ಕನ್ನಡಿ ಕೊಳವೆಬಾಯಿಯ ನಡುವೆ ದುಂಡಗೆ ಕಾಣಬೇಕು. ಆಮೇಲೆ ಅದರ ತಿರುಪುಗಳಿಂದ, ಅದರೊಳಗೆ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಿ. ಕೊನೆಗೆ ದೊಡ್ಡ ಕನ್ನಡಿಯ ಹಿಂದಿನ ತಿರುಪುಗಳನ್ನು ತಿರುಗಿಸುತ್ತ ಮುಚ್ಚಳದ ತೂತಿನ ಪ್ರತಿಬಿಂಬ ಆ ಕಾಗದದ ಉಂಗುರದೊಳಗೆ ಬಂದು ಕೂರಬೇಕು. ಈ ಕ್ರಮ ಹಿಂದುಮುಂದಾದರೆ ಸುತ್ತಿದ್ದೇ ಸುತ್ತಾಗುತ್ತದೆ. ರಾತ್ರಿ ಒಂದು ನಕ್ಷತ್ರವನ್ನು ಬೇಕೆಂದೇ ಮಸುಕು ಮಾಡಿ ನೋಡಿ. ಒಂದರೊಳಗೊಂದು ದುಂಡನೆಯ ಉಂಗುರಗಳು ಒಂದೇ ಕೇಂದ್ರಕ್ಕೆ ಕೂತಿದ್ದರೆ ಹೊಂದಿದೆ, ಒಂದು ಬದಿಗೆ ವಾಲಿದ್ದರೆ ಮತ್ತೆ ತಿರುಪಿಗೆ ಕೈ. ಜಾಗ ಬದಲಾಯಿಸಿದಾಗಲೆಲ್ಲ ಇದನ್ನು ಮಾಡಬೇಕು. ದೂರದರ್ಶಕವನ್ನು ಒಂದು ಗಂಟೆ ಮುಂಚೆಯೇ ಬಯಲಿನಲ್ಲಿಟ್ಟು ಕನ್ನಡಿ ತಣಿಯಲು ಬಿಡಿ. ಇನ್ನೊಂದು ಮಾತು, ಇದು ಕಟ್ಟಪ್ಪಣೆ ಎಂದೇ ತಿಳಿಯಿರಿ: ಅದನ್ನು ಎಂದಿಗೂ ಸೂರ್ಯನತ್ತ ತಿರುಗಿಸಬಾರದು, ಹಗಲಲ್ಲಿ ಮುಚ್ಚಳ ತೆಗೆಯಬಾರದು. ಕಣ್ಣು ಕ್ಷಣದಲ್ಲಿ ಹೋಗುತ್ತದೆ.

ನಮ್ಮ ತಾಲ್ಲೂಕು 13 ಮತ್ತು 14 ಡಿಗ್ರಿ ಅಕ್ಷಾಂಶಗಳ ನಡುವೆ ಇದೆ. ಹರ್ಷೆಲ್ ಇಂಗ್ಲೆಂಡಿನಿಂದ ಎಂದೂ ನೋಡಲಾಗದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಇಲ್ಲಿ ದಕ್ಷಿಣ ದಿಗಂತದಿಂದ ಸುಮಾರು 29 ಡಿಗ್ರಿ ಮೇಲೇರುತ್ತದೆ. ಬರಿಗಣ್ಣಿಗೆ ಮಸುಕು ಚುಕ್ಕೆ; ಆರಿಂಚಿನ ಕನ್ನಡಿಯಲ್ಲಿ ಅದರ ಬಿಡಿಬಿಡಿ ನಕ್ಷತ್ರಗಳು ಕಾಣತೊಡಗುತ್ತವೆ. ಕತ್ತಲಿಗೆ ಒಗ್ಗಿದ ಕಣ್ಣಿನ ಪಾಪೆಗಿಂತ 450 ಪಟ್ಟು ಹೆಚ್ಚು ಬೆಳಕನ್ನು ಆ ಕನ್ನಡಿ ಕೂಡಿಸುತ್ತದೆ. ಅದಕ್ಕಿಂತ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ಎರಡು ನಕ್ಷತ್ರಗಳಾಗಿ ಒಡೆದು ನಿಲ್ಲುತ್ತದೆ. ಬೆಂಗಳೂರಿನ ಬೆಳಕಿನಲ್ಲಿ ಕಳೆದುಹೋಗುವ ಇವುಗಳಿಗೆ ನಗರಗೆರೆಯಂಥ ಊರಿನ ಕತ್ತಲೆಯೇ ಬೇಕು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಹೇಳಿದ್ದನ್ನು ನಂಬುವ ಮುಂಚೆ ಪರೀಕ್ಷಿಸಿ ನೋಡುವುದನ್ನು ಅವರು ಬದುಕಿನುದ್ದಕ್ಕೂ ಕಲಿಸಿದರು. ಬ್ಲೇಡಿನ ಹಿಂದೆ ಕಣ್ಣಿಟ್ಟು 'ಅಂಚು ಇನ್ನೂ ಜಾರಿದೆ ಸಾರ್' ಎಂದು ತಾನಾಗಿ ಹೇಳುವ ಹುಡುಗಿ ಆ ಪಾಠವನ್ನು ಕೈಯಾರೆ ಕಲಿತಿರುತ್ತಾಳೆ. ಮೇಷ್ಟ್ರು ಹೇಳಿದರೆಂದು ಅಲ್ಲ, ನೆರಳು ಹೇಳಿತೆಂದು ಅವಳು ಮತ್ತೆ ಡ್ರಮ್ಮಿನ ಬಳಿಗೆ ಹೋಗುತ್ತಾಳೆ.

ದೀಪಾವಳಿ ಕಳೆದ ಕೂಡಲೇ ಶುರು ಮಾಡಿದರೆ ಬೇಸಿಗೆಗೆ ಮುಂಚೆ ಪಿಚ್ ಕೆಲಸ ಮುಗಿಯುತ್ತದೆ, ಏಪ್ರಿಲ್-ಮೇ ಸಂಜೆಗಳಲ್ಲಿ ದಕ್ಷಿಣದ ಆಕಾಶ ನಮ್ಮದಾಗುತ್ತದೆ. ಹತ್ತನೆಯವರಿಗೆ ಪರೀಕ್ಷೆಯ ಒತ್ತಡವಿರುತ್ತದೆ, ಆದ್ದರಿಂದ ಎಂಟು ಮತ್ತು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಸೇರಿಸಿ. ಬೇರೆ ಬೇರೆ ಶಾಲೆಗಳಿಂದ ಇಬ್ಬರು ಮೂವರಂತೆ ಬಂದರೆ ಒಂದೇ ಕನ್ನಡಿ ಇಡೀ ಹೋಬಳಿಯದಾಗುತ್ತದೆ. ಬೀರುವಿನಲ್ಲಿ ಹಳೆಯ ದೂರದರ್ಶಕ ಇರುವ ಶಾಲೆಯವರು ಅದನ್ನೂ ಹೊತ್ತು ತನ್ನಿ, ಮೊದಲ ಶನಿವಾರವೇ ಹೊಂದಿಸಿ ಕಳಿಸೋಣ. ಗಾಜು, ಪುಡಿ, ಪಿಚ್ಚು, ಬ್ಲೇಡಿನ ಪರೀಕ್ಷಾಪೀಠ ನಾನು ತರುತ್ತೇನೆ, ಶನಿವಾರ ಮಧ್ಯಾಹ್ನಗಳನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ. ನಿಮ್ಮಿಂದ ಬೇಕಾದ್ದು ಬೀಗ ಹಾಕಬಹುದಾದ ಒಂದು ಕೋಣೆ. ಮೂರು ಮೀಟರಿಗಿಂತ ಉದ್ದವಿರಬೇಕು, ಕಿಟಕಿ ಮುಚ್ಚಿದರೆ ಪೂರ್ತಿ ಕತ್ತಲಾಗಬೇಕು, ಹತ್ತಿರದಲ್ಲಿ ನಲ್ಲಿ ಇರಬೇಕು. ಯಾವ ಶಾಲೆಯಲ್ಲಿ ಅಂಥ ಕೋಣೆ ಇದೆ ಎಂಬುದನ್ನು ನಿಮ್ಮ ಮುಂದಿನ ಸಭೆಯಲ್ಲಿ ತೀರ್ಮಾನಿಸಿ ತಿಳಿಸಿ.

ಇಂತಿ,
ನಿಮ್ಮ ತಾಲ್ಲೂಕಿನವನೇ ಆದ ಒಬ್ಬ ಕನ್ನಡಿ ಕೆಲಸದವ